ಪರಂಗಿ ಚಕ್ಕೆ ಭಟ್ಟರು

ಚಕ್ರಪಾಣಿ ಭಟ್ಟರ ಹೆಸರು ಎತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರ ಮೇಲಲ್ಲ, ನಮ್ಮ ಬೀದಿಯ ಜನರ ಮೇಲೆ. ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಮದುವೆ, ಮುಂಜಿ, ಸೀಮಂತ ಎಂದು ಯಾರ ಮನೆಯಲ್ಲಿ ಎಲೆ ಹಾಕಿದರೂ ಒಲೆಯ ಮುಂದೆ ನಿಂತಿರುತ್ತಿದ್ದವರು ಈ ಭಟ್ಟರೇ. ಅವರ ಕೈಯ ಹುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ ಬಾಯಿಗಳೇ ಆಮೇಲೆ ಅವರಿಗೊಂದು ಅಡ್ಡಹೆಸರು ಇಟ್ಟವು. ಆ ಹೆಸರನ್ನು ನಾನು ಬೇಕೆಂದೇ ಈ ಬರಹದ ನೆತ್ತಿಗೆ ಹಚ್ಚಿದ್ದೇನೆ. ನಾಚಿಕೆಪಡಬೇಕಾದವರು ಓದಿ ನಾಚಿಕೆಪಡಲಿ.

ನಾನು ಪ್ರಭಾ, ಆಗ ಮಿಡ್ಲ್ ಸ್ಕೂಲಿನಲ್ಲಿ ಟೀಚರ್. ಮದುವೆಯಾಗಿರಲಿಲ್ಲ. ನಾನು ಮತ್ತು ಅಮ್ಮ ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆ ಭಟ್ಟರದು, ಅವರ ಹೆಂಡತಿ ಸೀತಮ್ಮನದು. ಮಕ್ಕಳಿರಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನುತ್ತಿದ್ದೆವು.

ಭಟ್ಟರು ತೆಳ್ಳಗೆ, ಎತ್ತರಕ್ಕೆ ಇದ್ದರು. ತುಮಕೂರಿನ ಕಡೆಯ ಯಾವುದೋ ಮಠದಲ್ಲಿ ಚಿಕ್ಕಂದಿನಿಂದ ಪಾತ್ರೆ ತಿಕ್ಕುತ್ತಾ ಅಡುಗೆ ಕಲಿತವರು. ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ದೇವರಿಗೆ ಎಡೆ ಇಡುವ ಮುಂಚೆ ನಾಲಿಗೆಗೆ ಮುಟ್ಟಿಸುವುದು ಎಂಜಲು ಎಂದು ಅವರ ಲೆಕ್ಕ. ಕೊಪ್ಪರಿಗೆಯ ಮೇಲೆ ಬಗ್ಗಿ ಹಬೆಯನ್ನು ಮೂಗಿಗೆ ಎಳೆದುಕೊಂಡು "ಉಪ್ಪು ಇನ್ನೊಂದು ಹಿಡಿ ಬೀಳಲಿ" ಎನ್ನುತ್ತಿದ್ದರು. ತಪ್ಪಿದ್ದನ್ನು ನಾನಂತೂ ಕಾಣೆ. ಬೆಳಗಿನ ಜಾವ ಒಲೆ ಹಚ್ಚಿದರೆ ಕೊನೆಯ ಪಂಕ್ತಿ ಏಳುವವರೆಗೂ ಕೂರುತ್ತಿರಲಿಲ್ಲ. "ಕೂತ್ಕೊಂಡು ಮಾಡಿದ ಅಡುಗೆಗೆ ಸೋಮಾರಿತನದ ವಾಸನೆ ಬರುತ್ತೆ ಕಣಮ್ಮ" ಎನ್ನುವರು. ಆ ಮನುಷ್ಯನ ಬದುಕು ನಿಂತಿದ್ದದ್ದು ಎರಡು ಕಾಲಿನ ಮೇಲೆ, ಒಂದು ಹೆಸರಿನ ಮೇಲೆ.

ಸೀತಮ್ಮನಿಗೆ ಒಂದು ಹಳೆಯ ಪದ್ಧತಿ ಇತ್ತು. ಗಂಡ ಉಂಡೆದ್ದ ಎಲೆಯಲ್ಲೇ ತಾನೂ ಬಡಿಸಿಕೊಂಡು ಉಣ್ಣುವುದು. ಯಾರೂ ಬಲವಂತ ಮಾಡಿದ್ದಲ್ಲ. ನನಗೆ ನೋಡಿದಾಗೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು.

"ಏನ್ರೀ ಸೀತಮ್ಮ, ಹೆಂಗಸರು ವಿಮಾನ ಓಡಿಸೋ ಕಾಲದಲ್ಲಿ ನಿಮ್ಮದು ಇನ್ನೂ ಎಂಜಲೆಲೆ!" ಎಂದು ರೇಗಿಸುತ್ತಿದ್ದೆ.

ಆಕೆ ನಗುತ್ತಿದ್ದರು. "ಅವರದು ನನಗೆ ಯಾವತ್ತೂ ಎಂಜಲು ಅನ್ನಿಸಿಲ್ಲ ಕಣೇ ಪ್ರಭಾ. ಊರಿಗೆಲ್ಲ ಬಡಿಸ್ತಾರೆ. ನನಗೆ ಅಂತ ಎಲೇಲಿ ಒಂದು ತುತ್ತು ಬಿಟ್ಟು ಏಳ್ತಾರೆ. ಅದು ನನ್ನ ಪಾಲು."

ನಿಜ. ನಾನೇ ನೋಡಿದ್ದೇನೆ. ಮುತ್ತುಗದ ಎಲೆಯ ತುದಿಯಲ್ಲಿ, ಕಲಸಿ ಉಂಡೆ ಮಾಡಿದ ಒಂದು ತುತ್ತು ಅನ್ನ ಇರುತ್ತಿತ್ತು.

ಎಪ್ಪತ್ತಮೂರರ ಬೇಸಿಗೆ ಇರಬೇಕು. ವಿಜಯನಗರದ ಒಂದು ಮದುವೆ ಮುಗಿಸಿ ಬಂದು ಮಲಗಿದವರು ಬೆಳಿಗ್ಗೆ ಏಳಲಾಗದೆ ಕೂಗಿಕೊಂಡರು. ಬಲಗಾಲಿನ ಹೆಬ್ಬೆರಳು ಊದಿ, ಕೆಂಪಗೆ ಕಾದು ಹೋಗಿತ್ತು. ಪಂಚೆಯ ಅಂಚು ತಗುಲಿದರೂ ಪ್ರಾಣ ಹೋಗುವ ನೋವು. ಬಸವೇಶ್ವರನಗರದ ಡಾಕ್ಟರ್ ಗೋಪೀನಾಥ್ ಹತ್ತಿರ ನಾನೂ ಸೀತಮ್ಮನೂ ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಆದರೆ ಬಾಯಿ ಒರಟು.

"ಕುಡೀತೀರೇನ್ರೀ?"

"ಕಾಫಿ ಕುಡೀತೀನಿ ಡಾಕ್ಟ್ರೇ."

"ಅದಲ್ಲ ರೀ, ಬ್ರಾಂದಿಗೀಂದಿ. ಮಾಂಸ?"

"ಕೃಷ್ಣ ಕೃಷ್ಣ! ಅಡುಗೆ ಮಾಡೋ ಬ್ರಾಹ್ಮಣ ಸ್ವಾಮಿ ನಾನು."

ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ವಿವರಿಸಿದರು. "ಇದಕ್ಕೆ ಗೌಟ್ ಅಂತಾರೆ. ಯೂರಿಕ್ ಆಸಿಡ್ ಅಂತ ಮೈಯಲ್ಲಿ ಹುಟ್ಟೋ ಒಂದು ಕಸ. ಮೂತ್ರದಲ್ಲಿ ಹೋಗ್ಬೇಕು. ನಿಮ್ಮ ಮೈ ಅದನ್ನ ಹೊರಗೆ ಹಾಕ್ತಿಲ್ಲ. ರಕ್ತದಲ್ಲೇ ಉಳಿದು ಕೀಲಲ್ಲಿ ಹರಳುಗಟ್ಟುತ್ತೆ. ಜಾಸ್ತಿ ಕುಡಿಯೋರಿಗೆ, ಮಾಂಸ ತಿನ್ನೋರಿಗೆ ಬರೋದು. ರಾಜರ ಕಾಯಿಲೆ ಅಂತಿದ್ರು."

"ರಾಜಾಜಿನಗರದಲ್ಲಿದೀನಲ್ಲ, ಅದಕ್ಕೇ ಬಂದಿರ್ಬೇಕು" ಎಂದರು ಭಟ್ಟರು. ಆ ನೋವಿನಲ್ಲೂ ನಗಿಸಿದರು. ಕುಡಿಯದ ಮನುಷ್ಯನಿಗೆ ಕುಡುಕರ ಕಾಯಿಲೆ ಬಂದದ್ದು ಆಗ ತಮಾಷೆಯಾಗಿಯೇ ಕಂಡಿತು.

ಕೊಟ್ಟ ಮಾತ್ರೆಗೆ ನೋವೇನೋ ಇಳಿಯಿತು, ಆದರೆ ಭೇದಿ ಹತ್ತಿಕೊಂಡಿತು. ಕೊಪ್ಪರಿಗೆ ಬಿಟ್ಟು ಕ್ಷಣಕ್ಷಣಕ್ಕೂ ಓಡುವ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಯೂರಿಕ್ ಆಸಿಡ್ ಇಳಿಸುವ ಇನ್ನೊಂದು ಮಾತ್ರೆ ಕೊಟ್ಟರು. ಅದಕ್ಕೆ ಎದೆ, ಬೆನ್ನು, ಕೈ ಎಲ್ಲ ಕೆಂಪು ದದ್ದು ಎದ್ದಿತು. ಡಾಕ್ಟರು ಗಾಬರಿಯಾಗಿ ನಿಲ್ಲಿಸಿಬಿಟ್ಟರು. ದದ್ದು ಇಳಿಯುವವರೆಗೆ ಭಟ್ಟರು ಬರಿಮೈಯಲ್ಲಿ ವಠಾರದ ಕಟ್ಟೆಯ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದರು. ಬೀದಿಯೆಲ್ಲ ನೋಡಿತು. ಈ ದದ್ದಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬೇರಿನ ಸುದ್ದಿ ಬಂದದ್ದು ಹಲ್ಲಿನಿಂದ. ಮೆಜೆಸ್ಟಿಕ್ ಕಡೆ ಲಿಯಾಂಗ್ ಎಂಬ ಚೀನೀ ಹಲ್ಲಿನ ಡಾಕ್ಟರು ಇದ್ದರು. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಮಾತು ನಮ್ಮ ಕನ್ನಡ. ಭಟ್ಟರು ಹಲ್ಲು ಕೀಳಿಸಲು ಹೋದವರು ಕುರ್ಚಿಯಿಂದ ಇಳಿಯುವಾಗ ಕುಂಟಿದ್ದನ್ನು ನೋಡಿ ಲಿಯಾಂಗ್ ವಿಚಾರಿಸಿದರಂತೆ. ಒಳಗಿನಿಂದ ಒಂದು ಪೊಟ್ಟಣ ತಂದರಂತೆ. ಕೆಂಪು ಮಿಶ್ರಿತ ಬಿಳಿ ಬಣ್ಣದ, ಹಪ್ಪಳದಂತೆ ತೆಳ್ಳಗೆ ಹೆಚ್ಚಿ ಒಣಗಿಸಿದ ಬೇರಿನ ಹೋಳುಗಳು.

"ತು ಫು ಲಿಂಗ್ ಅಂತ ಇದರ ಹೆಸರು ಭಟ್ರೇ. ನಮ್ಮ ತಾಯಿ ಕಾಲು ಊದಿದೋರಿಗೆ ಸೂಪಲ್ಲಿ ಹಾಕಿ ಕೊಡ್ತಿದ್ರು. ನೀವು ಬರೀ ನೀರಲ್ಲಿ ಕುದಿಸಿ ಕುಡೀರಿ. ಕೆಟ್ಟ ನೀರನ್ನ ಕೆಳಗೆ ಕಳಿಸುತ್ತೆ."

ಚೀನಾದವರ ಮೇಲೆ ಯುದ್ಧದ ಮುನಿಸು ಇನ್ನೂ ಆರದ ಕಾಲ ಅದು. ಆದರೂ ಭಟ್ಟರು ತಂದರು. ಅಡುಗೆಯವರಲ್ಲವೇ, ಕಷಾಯ ಹೇಗೆ ಇಳಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ ಬತ್ತಿಸಿ, ಬೆಳಿಗ್ಗೆ ಸಂಜೆ ಕುಡಿದರು. ಆ ಕಸ ಹೆಚ್ಚಿಸುತ್ತದೆ ಎಂದು ಡಾಕ್ಟರು ಹೇಳಿದ್ದ ಬೇಳೆಯನ್ನೂ ಬಿಟ್ಟರು. ಮಳೆಗಾಲ ಕಳೆದು ದೀಪಾವಳಿ ಬರುವ ಹೊತ್ತಿಗೆ ಕಾಲು ಊದುವುದು ನಿಂತಿತು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಇಳಿದಿತ್ತು!

ಡಾಕ್ಟರ್ ಗೋಪೀನಾಥ್ ಬೇರಿನ ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. "ಇರಬಹುದು. ಮೈಯಲ್ಲಿ ಆ ಕಸ ಹುಟ್ಟೋದನ್ನೇ ಇದು ಕಮ್ಮಿ ಮಾಡ್ತಿರ್ಬಹುದು, ಇಲ್ಲ ಮೂತ್ರದಲ್ಲಿ ಜಾಸ್ತಿ ಕಳಿಸ್ತಿರ್ಬಹುದು. ಬೇಳೆ ಬಿಟ್ಟಿದ್ದಕ್ಕೂ ಇಳಿದಿರ್ಬಹುದು. ಒಬ್ಬರಿಗೆ ಇಳೀತು ಅಂತ ನಾನು ಇದೇ ಔಷಧಿ ಅಂತ ಬರೆದುಕೊಡಕ್ಕಾಗಲ್ಲ. ತಗೊಳ್ಳಿ, ಆದ್ರೆ ಆಗಾಗ ಬಂದು ತೋರಿಸ್ತಾ ಇರಿ."

ಭಟ್ಟರಿಗೆ ಇಷ್ಟು ಸಾಕಾಗಿತ್ತು. ಆ ಸುಗ್ಗಿಯಲ್ಲಿ ಅವರು ನಿಂತು ಮಾಡಿದ ಮದುವೆಗಳಿಗೆ ಲೆಕ್ಕವಿಲ್ಲ. ಕೆಂಗೇರಿಯಿಂದಲೂ ಬಂದು ಕರೆದರು. ಸೀತಮ್ಮ ಮುಖ ಅರಳಿಸಿಕೊಂಡು ಓಡಾಡುತ್ತಿದ್ದರು. ನೋಡುವುದಕ್ಕೆ ಹಿತವಾಗಿತ್ತು.

ಆಮೇಲೆ ಲಿಯಾಂಗ್ ಅವರ ಪೊಟ್ಟಣ ಮುಗಿಯಿತು. ಕಲ್ಕತ್ತೆಯಿಂದ ಬರುವುದು ತಡ, ನಿಮ್ಮ ಅಂಗಡಿಗಳಲ್ಲೂ ಇದರ ತಮ್ಮನಂಥ ಬೇರು ಸಿಗುತ್ತದೆ, ಚೀನಾ ಬೇರು ಎಂದು ಕೇಳಿ ಎಂದರಂತೆ. ಒಂದು ಶನಿವಾರ ಸ್ಕೂಲು ಮುಗಿಸಿ ನಾನು ಅಂಟುವಾಳ ಕೊಳ್ಳಲು ಕರಿಬಸಪ್ಪನ ಅಂಗಡಿಗೆ ಹೋಗಿದ್ದೆ. ಬೇರು, ನಾರು, ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿ ಅದು. ಭಟ್ಟರೂ ಬಂದರು. ಅಲ್ಲೇ ಸೀಗೆಕಾಯಿ ಆರಿಸುತ್ತಾ ಜಗದಾಂಬಾ ನಿಂತಿದ್ದಳು. ಆಕೆಯ ಗಂಡ ನಮ್ಮ ಬೀದಿ ತುದಿಯ ಛತ್ರ ನೋಡಿಕೊಳ್ಳುತ್ತಿದ್ದ. ಛತ್ರ ಹಿಡಿಯಲು ಬಂದವರೆಲ್ಲ "ಅಡುಗೆಗೆ ಯಾರನ್ನ ಕರೆಯೋದಮ್ಮ?" ಎಂದು ಆಕೆಯನ್ನೇ ಕೇಳುತ್ತಿದ್ದರು.

ಕರಿಬಸಪ್ಪನ ಗಂಟಲು ದೊಡ್ಡದು. ಗುಟ್ಟು ಹೇಳಿದರೂ ಮಾಗಡಿ ರಸ್ತೆಗೆ ಕೇಳಿಸುತ್ತಿತ್ತು.

"ಚೀನಾ ಬೇರಾ? ಓಹೋ, ಪರಂಗಿ ಚಕ್ಕೆ ಅನ್ನಿ ಸ್ವಾಮಿ! ಯಾರಿಗೆ?"

"ನನಗೇ ಕಣಪ್ಪ."

ಕರಿಬಸಪ್ಪ ಭಟ್ಟರನ್ನು ಮೇಲಿಂದ ಕೆಳಗೆ ನೋಡಿದ. "ಹೊಸದಾಗಿ ಹತ್ತಿದ್ದೋ, ಹಳೇದೋ?"

"ಹಳೇದೇ. ಒದ್ದಾಡಿಬಿಟ್ಟೆ. ಮೈಯೆಲ್ಲ ದದ್ದು ಬೇರೆ ಎದ್ದಿತ್ತು. ಈ ಬೇರು ಕುಡಿದ ಮೇಲೆ ವಾಸಿ" ಎಂದರು ಭಟ್ಟರು, ಮುಗ್ಧವಾಗಿ, ನಗುನಗುತ್ತಾ.

ಜಗದಾಂಬಾಳ ಕೈ ಸೀಗೆಕಾಯಿಯ ಮೇಲೆಯೇ ನಿಂತುಹೋಯಿತು. ನನಗೆ ಆಗ ಏನೂ ಹೊಳೆಯಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು "ಪರಂಗಿ ಹಣ್ಣಿನ ಸಿಪ್ಪೆನಾ?" ಎಂದಳು. ನಾವಿಬ್ಬರೂ ಅಷ್ಟು ದಡ್ಡಿಯರು.

ಗೊತ್ತಾದದ್ದು ಸೋಮವಾರ, ನಲ್ಲಿಯ ಹತ್ತಿರ. ಬಿಂದಿಗೆಗಳ ಸಾಲಿನಲ್ಲಿ ಜಗದಾಂಬಾ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ದನಿ ತಗ್ಗಿಸಿ ಹೇಳುತ್ತಿದ್ದಳು. ಹಳೆಯ ಕಾಲದಲ್ಲಿ ಪರಂಗಿಯವರು, ಆ ಬಿಳಿಯರು, ಹಡಗಿನಲ್ಲಿ ತಂದ ಕೆಟ್ಟ ರೋಗಕ್ಕೆ, ಗಂಡಸರು ಸೂಳೆಯರ ಸಹವಾಸದಿಂದ ಹತ್ತಿಸಿಕೊಂಡು ಬರುವ ಪರಂಗಿ ಹುಣ್ಣಿಗೆ, ನಮ್ಮ ಪಂಡಿತರು ಕೊಡುತ್ತಿದ್ದದ್ದು ಇದೇ ಬೇರು. ಅದಕ್ಕೇ ಆ ಹೆಸರು. ಅವಳ ತಾತ ಪಂಡಿತರಂತೆ, ಅವಳಿಗೆ ಎಲ್ಲ ಗೊತ್ತಂತೆ.

ನಾನು ಬಿಂದಿಗೆ ಕುಕ್ಕಿದೆ. "ಜಗದಾಂಬನೋರೇ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಭಟ್ರು ಆ ಬೇರು ಕುಡಿಯೋದು ಕಾಲಿಗೆ. ಡಾಕ್ಟ್ರ ಹತ್ರ ನಾನೇ ಹೋಗಿದ್ದೆ."

"ಹೂಂ ಕಣ್ರೀ ಟೀಚರಮ್ಮ, ಕಾಲಿಗೇ. ಆ ಕಾಲು ಎಲ್ಲೆಲ್ಲಿ ಇಟ್ಟು ಬಂದ್ರು ಅಂತ ಕೇಳಿ." ಹೆಂಗಸರು ಕಿಸಕ್ಕನೆ ನಕ್ಕರು. "ಊರೂರು ತಿರುಗೋ ಮನುಷ್ಯ. ಮೈಮೇಲೆ ದದ್ದು ಎದ್ದಿದ್ದನ್ನ ನೀವೂ ನೋಡಿದ್ರಿ, ನಾನೂ ನೋಡಿದೆ. ಹಳೇದೇ ಅಂತ ಅವರ ಬಾಯಲ್ಲೇ ಬಂತು. ನಿಮಗೆ ಮದುವೆ ಆಗಿಲ್ಲ, ಇದೆಲ್ಲ ತಿಳಿಯಲ್ಲ, ಸುಮ್ನಿರಿ."

ಥೂ! ಆ ಹೊತ್ತಿನಲ್ಲಿ ಆಕೆಯ ತಲೆಯ ಮೇಲೆ ಬಿಂದಿಗೆ ಸುರಿಯದೆ ಬಂದೆನಲ್ಲ ಎಂದು ನನಗೆ ಇಂದಿಗೂ ಹೊಟ್ಟೆ ಉರಿ. ತು ಫು ಲಿಂಗ್ ಎಂದಾಗ ಅದು ಕಾಲಿನ ಔಷಧಿ. ಪರಂಗಿ ಚಕ್ಕೆ ಎಂದ ಕೂಡಲೇ ಕುಡಿದವನ ನಡತೆ ಕೆಟ್ಟುಹೋಯಿತು.

ಜನ ಮುಖಕ್ಕೆ ಏನೂ ಹೇಳುವುದಿಲ್ಲ. ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಮೊದಲು ಒಪ್ಪಿಸಿದ್ದ ಒಂದು ಮುಂಜಿಯವರು ಬಂದು "ಹುಡುಗನ ಸೋದರಮಾವ ಅವರ ಕಡೆ ಭಟ್ರನ್ನೇ ಕರ್ಕೊಂಡು ಬರ್ತಾರಂತೆ, ಬೇಜಾರು ಮಾಡ್ಕೋಬೇಡಿ" ಎಂದರು. ಇನ್ನೊಬ್ಬರು ಮದುವೆಯನ್ನೇ ಮೈಸೂರಿಗೆ ಬದಲಾಯಿಸಿದೆವು ಎಂದರು. ಮದುವೆ ನಡೆದದ್ದು ನಮ್ಮ ಬೀದಿಯ ಛತ್ರದಲ್ಲೇ. ಆ ಮದುವೆಯ ಒಗ್ಗರಣೆಯ ವಾಸನೆ ವಠಾರಕ್ಕೆ ಬಂದಾಗ ಭಟ್ಟರು ಕಟ್ಟೆಯ ಮೇಲೆ ಕೂತು ಮೂಗೆತ್ತಿ, "ಇಂಗು ಸೀಯಿಸಿದ್ರು" ಎಂದರು. ಅಷ್ಟೇ. ಯಾಕೆ ತಮ್ಮನ್ನು ಯಾರೂ ಕರೆಯುತ್ತಿಲ್ಲ ಎಂದು ಅವರಿಗೆ ತಿಳಿದಿರಲಿಲ್ಲ. ಒಂದು ದಿನ ಬೀದಿಯ ಪಡ್ಡೆಗಳು ಹಿಂದಿನಿಂದ "ಪರಂಗಿ ಚಕ್ಕೆ ಭಟ್ರೇ!" ಎಂದು ಕೂಗಿ ಓಡಿದವು. ಅವರು ನನ್ನ ಹತ್ತಿರ ಬಂದು ಅರ್ಥ ಕೇಳಿದರು. ನಾನೇ ಹೇಳಬೇಕಾಯಿತು. ಆ ವಯಸ್ಸಿನ ಗಂಡಸಿಗೆ, ತಂದೆಯಂಥವರಿಗೆ, ಅಂಥ ಮಾತನ್ನು ಹೇಗೆ ಹೇಳಿದೆನೋ ನನಗೇ ಗೊತ್ತು.

ಅವರು ಡಾಕ್ಟರ ಹತ್ತಿರ ಹೋಗಿ ಆ ರೋಗದ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದರು. ಏನೂ ಇಲ್ಲ ಎಂದು ಬಂತು. ಅದನ್ನು ನಾನು ನಲ್ಲಿಯ ಹತ್ತಿರ ಡಂಗುರ ಸಾರಿದೆ. ಜಗದಾಂಬಾ ಏನೆಂದಳು ಗೊತ್ತೇ? "ಏನೂ ಇಲ್ಲದೋನು ಆ ಪರೀಕ್ಷೆಗೆ ಯಾಕೆ ಹೋಗ್ತಾನೆ? ನಮ್ಮನೆಯೋರು ಹೋಗಿದಾರಾ?"

ಇದನ್ನೆಲ್ಲ ಭಟ್ಟರು ನುಂಗಿಕೊಂಡರು. "ಬಿಡಮ್ಮ, ನಾಲ್ಕು ದಿನ ಆಡ್ತಾರೆ. ಹುಳಿ ನೆನಪಾದ್ರೆ ತಾವೇ ಬರ್ತಾರೆ" ಎನ್ನುತ್ತಿದ್ದರು. ಹಾಗೆ ಆಗುತ್ತಿತ್ತೋ ಏನೋ.

ಒಂದು ಮಧ್ಯಾಹ್ನ ನಾನು ಉಪ್ಪಿನಕಾಯಿ ಕೊಡಲು ಅವರ ಮನೆಗೆ ಹೋದೆ. ಭಟ್ಟರು ಉಂಡು ಕೈ ತೊಳೆಯುತ್ತಿದ್ದರು. ಎಲೆಯ ತುದಿಯಲ್ಲಿ ಎಂದಿನಂತೆ ಒಂದು ತುತ್ತು ಇತ್ತು. ಸೀತಮ್ಮ ಆ ಎಲೆಯನ್ನು ಮಡಚಿದರು. ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದ ಹಸುವಿನ ಮುಂದೆ ಹಾಕಿದರು. ಒಳಗೆ ಬಂದು, ನೆಲ ಸಾರಿಸಿ, ತಮಗೆ ಬೇರೆ ಎಲೆ ಹಾಕಿಕೊಂಡರು.

ಎಷ್ಟು ವರ್ಷ ನಾನೇ ಬೇರೆ ಎಲೆ ಹಾಕಿಕೊಳ್ಳಿ ಎಂದು ಜಗಳವಾಡಿದ್ದೆ! ಅವತ್ತು ಆ ಎಲೆ ನೋಡಿ ಕೈಯಲ್ಲಿದ್ದ ಉಪ್ಪಿನಕಾಯಿ ಕೊಡುವುದನ್ನೇ ಮರೆತೆ. ಭಟ್ಟರು ಬಚ್ಚಲ ಬಾಗಿಲಲ್ಲಿ ನಿಂತು, ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ನೋಡಿದರು.

"ಸೀತಾ, ನೀನೂನಾ?" ಎಂದರು.

ಸೀತಮ್ಮ ತಲೆ ಎತ್ತಲಿಲ್ಲ. "ನೀವು ಊರೂರು ಹೋಗೋರು. ನಾನು ಮನೇಲಿರೋಳು. ನಾನೇನ್ ಕಂಡೆ?"

ಆಕೆಯನ್ನು ಬೈಯುವಂತೆಯೂ ಇರಲಿಲ್ಲ. ದೇವಸ್ಥಾನದಲ್ಲಿ, ಅರಿಸಿನ ಕುಂಕುಮಕ್ಕೆ ಹೋದಲ್ಲಿ ಹೆಂಗಸರು ಆಕೆಯ ಪಕ್ಕದಿಂದ ಸರಿದು ಕೂರುತ್ತಿದ್ದರು. ದಿನಾ ಒಬ್ಬರಲ್ಲ ಒಬ್ಬರು ಕಿವಿಯಲ್ಲಿ ಹೇಳುತ್ತಿದ್ದರು. ಎಷ್ಟು ದಿನ ತಾನೇ ತಡೆದಾರು?

ಮರುದಿನ ಬೆಳಿಗ್ಗೆ ಭಟ್ಟರು ಬಚ್ಚಲ ಒಲೆಗೆ ಬೇರಿನ ಚೀಲವನ್ನೇ ಸುರಿಯುತ್ತಿದ್ದರು. ನಾನು ಓಡಿಹೋಗಿ ಕೈ ಹಿಡಿದೆ.

"ಭಟ್ರೇ, ನಿಮಗೆ ತಲೆ ಕೆಟ್ಟಿದೆಯಾ? ಮತ್ತೆ ಕಾಲು ಊದುತ್ತೆ!"

"ಊದಲಿ ಕಣಮ್ಮ. ಊದ್ಬೇಕು." ಅವರ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅವಳು ಕಣ್ಣಾರೆ ನೋಡಲಿ. ಬೇರು ಬಿಟ್ಟಾಗ ಯಾವುದು ಬರುತ್ತೆ ಅಂತ ನೋಡಲಿ. ನಾನು ಕುಡೀತಿದ್ದಿದ್ದು ಯಾವುದಕ್ಕೆ ಅಂತ ಆಗ ತಿಳಿಯುತ್ತೆ."

"ಆಮೇಲೆ ಒಲೆ ಮುಂದೆ ಹೇಗೆ ನಿಂತ್ಕೋತೀರಿ?"

"ಯಾರ ಒಲೆ ಮುಂದೆ?" ಎಂದರು.

ನಾನು ಅತ್ತು ಕರೆದು ಹೇಳಿದೆ. ಡಾಕ್ಟರೂ ಹೇಳಿದರು. ಮನುಷ್ಯ ಕೇಳಲಿಲ್ಲ. ಬಿಟ್ಟಿದ್ದ ಬೇಳೆಯನ್ನೂ ಹಟ ಹಿಡಿದು ತಿಂದರು. ಕಾರ್ತಿಕದಲ್ಲಿ ಹೆಬ್ಬೆರಳು ಊದಿತು, ಆಮೇಲೆ ಹಿಮ್ಮಡಿ, ಆಮೇಲೆ ಮಂಡಿ. ಗೋಡೆಯಾಚೆಯಿಂದ ಅವರ ನರಳಾಟ ಕೇಳಿ ನಾನೂ ಅಮ್ಮನೂ ಊಟ ಬಿಟ್ಟು ಕೂತಿರುತ್ತಿದ್ದೆವು. ಮೈಮೇಲೆ ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ. ಬರೀ ಕಾಲು. ಸೀತಮ್ಮ ಕೆಲವು ದಿನ ದೂರದಿಂದ ನೋಡಿದರು. ಒಂದು ಬೆಳಿಗ್ಗೆ ಆ ಊದಿದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು "ನನ್ನ ಬುದ್ಧಿಗೆ ಏನಾಗಿತ್ತು, ನನ್ನ ಬುದ್ಧಿಗೆ ಏನಾಗಿತ್ತು" ಎಂದು ಬಿಕ್ಕಿ ಬಿಕ್ಕಿ ಅತ್ತರು. ಅವತ್ತು ಮಧ್ಯಾಹ್ನ ಮತ್ತೆ ಗಂಡನ ಎಲೆಯಲ್ಲೇ ಉಂಡರು. ಭಟ್ಟರು ಗೆದ್ದವರ ಹಾಗೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಬೀದಿಯೂ ನೋಡಿತು. ಕೋಲು ಊರಿಕೊಂಡು ಕುಂಟುವ ಮನುಷ್ಯನನ್ನು ಕಂಡು ಎಲ್ಲರಿಗೂ ಕರುಣೆ ಉಕ್ಕಿ ಬಂತು. "ಪಾಪ, ವಾತ ಕಣ್ರೀ, ನಾವೇ ಏನೇನೋ ಅಂದ್ಕೊಂಡಿದ್ವಿ" ಎಂದು ಜಗದಾಂಬಾ ತಾನೇ ಬಂದು ಒಂದು ಮದುವೆಯ ಲಗ್ನಪತ್ರಿಕೆ ಕೊಟ್ಟು ಹೋದಳು. ಅಡುಗೆಗೆ ಅಲ್ಲ, ಊಟಕ್ಕೆ. ಅಡುಗೆಗೆ ಕರೆದಿದ್ದರೂ ಅವರು ನಿಲ್ಲುವಂತಿರಲಿಲ್ಲ. ಕೈಬೆರಳ ಗಿಣ್ಣುಗಳಲ್ಲೂ ಗಂಟು ಎದ್ದು, ಸೌಟು ಹಿಡಿಯಲು ಬರುತ್ತಿರಲಿಲ್ಲ. ಸೀತಮ್ಮ ಹಪ್ಪಳ, ಸಂಡಿಗೆ ಮಾಡಿ ಮಾರಿ ಮನೆ ನಡೆಸಿದರು.

ಎರಡು ವರ್ಷ ಹೀಗೇ ಹೋಯಿತು. ನನಗೆ ಸಮಾಧಾನವಿರಲಿಲ್ಲ. ಹೆಂಡತಿ ನಂಬಿಯಾಯಿತು, ಊರು ನಂಬಿಯಾಯಿತು, ಇನ್ನು ಯಾಕೆ ಈ ಮನುಷ್ಯ ಸಾಯುವ ನೋವು ತಿನ್ನಬೇಕು? ಅಮ್ಮನ ಹಲ್ಲಿನ ಸೆಟ್ಟಿಗೆ ಲಿಯಾಂಗ್ ಅವರ ಹತ್ತಿರ ಹೋದಾಗ ವಿಷಯ ಹೇಳಿದೆ. ಅವರು ಬಹಳ ನೊಂದುಕೊಂಡು ಕಲ್ಕತ್ತೆಯಿಂದ ಬಂದಿದ್ದ ಪೊಟ್ಟಣ ಕೊಟ್ಟರು.

ತಂದು ಭಟ್ಟರ ಮುಂದೆ ಇಟ್ಟಾಗ ಅವರು ಆಗಷ್ಟೇ ಉಂಡಿದ್ದರು. ಏಳಲಾಗದೆ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದರು. ಸೀತಮ್ಮ ಅವರ ಎಲೆಯ ಮುಂದೆ ಕೂತು ಅನ್ನ ಬಡಿಸಿಕೊಳ್ಳುತ್ತಿದ್ದರು.

"ಏನೇ ಅದು ಪ್ರಭಾ?" ಎಂದು ಆಕೆ ಕೇಳಿದರು.

"ತು ಫು ಲಿಂಗ್. ಚೀನಾ ಔಷಧಿ. ಭಟ್ರ ಕಾಲಿಗೆ" ಎಂದೆ. ಬೇರೆ ಹೆಸರು ನನ್ನ ಬಾಯಿಂದ ಬರಲಿಲ್ಲ.

ಭಟ್ಟರು ಗಂಟುಗಟ್ಟಿದ ಬೆರಳುಗಳಿಂದ ಪೊಟ್ಟಣ ಬಿಡಿಸಿದರು. ಒಂದು ಹೋಳನ್ನು ಮೂಗಿನ ಹತ್ತಿರ ಹಿಡಿದು ಎಳೆದುಕೊಂಡರು. ಕುಡಿಯಬೇಕೆಂಬ ಆಸೆ ಆ ಮುಖದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಆದರೆ ಆ ಮನುಷ್ಯನಿಗೆ ಹೆಂಡತಿಯ ಹತ್ತಿರ ಸುಳ್ಳು ಹೇಳಲು ಎಂದೂ ಬಂದಿರಲಿಲ್ಲ.

"ಅದೇ ಕಣೇ ಸೀತಾ, ಪರಂಗಿ ಚಕ್ಕೆ" ಎಂದರು.

ಎಲೆಯ ತುದಿಯ ತುತ್ತಿಗೆ ನೀಡಿದ್ದ ಸೀತಮ್ಮನ ಕೈ ಅಲ್ಲಿಯೇ ನಿಂತಿತು. ಒಂದು ಗಳಿಗೆ ಅಷ್ಟೇ, ಹೆಚ್ಚಲ್ಲ. ಆಕೆಗೂ ಅದು ಗೊತ್ತಾಗಲಿಲ್ಲವೇನೋ. ನನಗೆ ಗೊತ್ತಾಯಿತು. ಭಟ್ಟರು ಆ ಕೈಯನ್ನೇ ನೋಡುತ್ತಿದ್ದರು.

ಅವರು ಹೋಳನ್ನು ಪೊಟ್ಟಣಕ್ಕೆ ಹಾಕಿ, ಸರಿಯಾಗಿ ಮಡಚಿ ನನ್ನ ಕಡೆ ತಳ್ಳಿದರು. ಊದಿದ ಕಾಲಿನ ಮೇಲೆ ಪಂಚೆ ಎಳೆದುಕೊಂಡರು.

"ತಗೊಂಡ್ಹೋಗಮ್ಮ ಪ್ರಭಾ. ನನ್ನ ಕಾಲು ಚೆನ್ನಾಗಿದೆ" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಉಣ್ಣೇ, ಆರಿಹೋಗುತ್ತೆ" ಎಂದರು.

ಸೀತಮ್ಮ ತುತ್ತು ಎತ್ತಿಕೊಂಡರು. ನಾನು ಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ.